ಗೇರುಬೀಜದ ಪೊಟ್ಟಣ, ಪಡ್ರೆಯ ನೀರು

1958ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಕೇರಳದ ಆಸ್ಪತ್ರೆಗಳಿಗೆ ಒಂದೇ ಬಗೆಯ ರೋಗಿಗಳು ಸಾಲುಗಟ್ಟಿ ಬಂದರು. ವಾಂತಿ, ಮೈತುಂಬ ಬೆವರು, ಬಾಯಲ್ಲಿ ನೊರೆ, ಉಸಿರಾಡಲಾಗದ ಸಂಕಟ. ಅವರೆಲ್ಲ ತಿಂದದ್ದು ಗೋಧಿಹಿಟ್ಟಿನ ತಿಂಡಿ. ಹಿಟ್ಟಿನ ಜಾಡು ಹಿಡಿದು ಹೋದ ಅಧಿಕಾರಿಗಳು ಮುಂಬಯಿಯಿಂದ ಕೊಚ್ಚಿಗೆ ಬಂದಿದ್ದ ಒಂದು ಹಡಗಿನ ಬಳಿ ಬಂದು ನಿಂತರು. ಹಿಟ್ಟಿನ ಚೀಲಗಳನ್ನು ತುಂಬಿದ್ದ ಹಡಗಿನಲ್ಲೇ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನೂ ತುಂಬಿದ್ದರು. ಪೇಟೆಯಲ್ಲಿ ಅದರ ಹೆಸರು ಫೋಲಿಡಾಲ್. ಅದು ಸೋರಿ ಚೀಲಗಳೊಳಗೆ ಇಳಿದಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ಮದರಾಸು ರಾಜ್ಯದಲ್ಲೂ ಜನ ವಿಷಕ್ಕೆ ತುತ್ತಾದರು.

ಆ ಹಿಟ್ಟನ್ನು ಕೊಂಡವರಲ್ಲಿ ಯಾರಿಗೂ ತಿಳಿಯುವ ದಾರಿ ಇರಲಿಲ್ಲ. ಚೀಲದ ಮೇಲೆ ಏನು ಬರೆದಿದ್ದರೂ ಅದು ಹಿಟ್ಟು ಗಿರಣಿಯಿಂದ ಹೊರಡುವಾಗಿನ ಮಾತು. ದಾರಿಯಲ್ಲಿ ಅದಕ್ಕೆ ಏನಾಯಿತೆಂದು ಚೀಲ ಹೇಳಲಾರದು. ನ್ಯಾಯಮೂರ್ತಿ ಜೆ.ಸಿ. ಶಾ ಅವರ ವಿಚಾರಣಾ ಆಯೋಗ ಈ ಸಾವುಗಳನ್ನು ಪರಿಶೀಲಿಸಿತು. ಕೀಟನಾಶಕಗಳ ತಯಾರಿ, ಸಾಗಣೆ, ಮಾರಾಟಕ್ಕೆ ದೇಶದಲ್ಲಿ ಸರಿಯಾದ ಕಾನೂನೇ ಇಲ್ಲವೆಂಬುದು ಆಗ ಎಲ್ಲರ ಕಣ್ಣಿಗೆ ಬಿತ್ತು. ಹತ್ತು ವರ್ಷ ಕಳೆದು 1968ರಲ್ಲಿ ಕೀಟನಾಶಕ ಕಾಯಿದೆ ಬಂತು, 1971ರಲ್ಲಿ ಅದರ ನಿಯಮಗಳು ಬಂದವು.

ಇಂದು ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಅದರ ಹಿಂಬದಿಯ ಪುಟ್ಟ ಚೌಕದಲ್ಲಿ ಶಕ್ತಿ, ಸಕ್ಕರೆ, ಕೊಬ್ಬು, ಸೋಡಿಯಂ ಎಂದು ಓದುವವರು ಹೆಚ್ಚುತ್ತಿದ್ದಾರೆ. ಒಳ್ಳೆಯದೇ. ಆ ಚೌಕ ಎಷ್ಟು ಹೇಳುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಅರಿಯಬೇಕಾದವರು ಮಾತ್ರ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಕಥೆ ಕೇಳಬೇಕು. ಇಲ್ಲಿನ ಗುಡ್ಡಗಳ ಬೆಳೆ ಚಂದದ ಪೊಟ್ಟಣದಲ್ಲಿ ಪೇಟೆ ಸೇರುವ ಸರಕು. ಆ ಸರಕಿಗಾಗಿ ಸುರಿದ ವಿಷ ಉಳಿದದ್ದು, ಪೊಟ್ಟಣವೂ ಚೀಟಿಯೂ ಇಲ್ಲದ ಊಟ ಉಣ್ಣುತ್ತಿದ್ದವರ ಮೈಯಲ್ಲಿ.

ಪೆರ್ಲ ಪೇಟೆಯನ್ನು ನಡುವಿಟ್ಟುಕೊಂಡ ಪಂಚಾಯತು ಎಣ್ಮಕಜೆ. ಪಡ್ರೆ, ಸ್ವರ್ಗ, ವಾಣೀನಗರ, ಕಾಟುಕುಕ್ಕೆ, ಶೇಣಿ ಎಂದು ಊರುಗಳು ಹಬ್ಬಿವೆ. ಆಚೆ ಗಡಿ ದಾಟಿದರೆ ಪುತ್ತೂರು ಸೀಮೆ. ಮನೆಯೊಳಗೆ ಹವ್ಯಕ ಕನ್ನಡ, ಅಂಗಳಕ್ಕಿಳಿದರೆ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಕೆಲವು ಮನೆಗಳಲ್ಲಿ ಮರಾಠಿ. 1956ರ ನವೆಂಬರ್ 1ರ ತನಕ ಇದು ದಕ್ಷಿಣ ಕನ್ನಡದ ಪಾಲು, ಅಂದಿನಿಂದ ಕೇರಳ. ನೆಲ ಏರಿಳಿತದ್ದು. ಮೇಲೆ ಮುರಕಲ್ಲಿನ ಗುಡ್ಡೆ, ಕೆಳಗೆ ಕಣಿವೆ, ಕಣಿವೆಯಲ್ಲಿ ಅಡಿಕೆ ತೋಟ ಮತ್ತು ಮನೆ. ಕುಡಿಯುವ ನೀರು ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ತಾನಾಗಿ ಹರಿದು ಮನೆಯ ಹಿತ್ತಿಲ ಟಾಂಕಿಗೆ ಬೀಳುತ್ತದೆ. ಗುಡ್ಡದ ನೆತ್ತಿಯಲ್ಲಿ ಬಿದ್ದ ಮಳೆಯೇ ಕೆಳಗಿನ ಮನೆಯ ಕೊಡಪಾನದ ನೀರು. ಈ ನೆಲದ ಸೊಗಸೂ ಇದೇ, ಮುಂದೆ ಬಂದ ಆಪತ್ತಿನ ಬೇರೂ ಇದೇ.

1960ರ ದಶಕದಲ್ಲಿ ಕೇರಳದ ಕೃಷಿ ಇಲಾಖೆ ಈ ಜಿಲ್ಲೆಯ ಗುಡ್ಡಗಳಲ್ಲಿ ಗೇರು ನೆಡಿಸಿತು. 1978ರಲ್ಲಿ ತೋಟಗಳು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಕೈಗೆ ಬಂದವು. ಒಟ್ಟು ನಾಲ್ಕೂವರೆ ಸಾವಿರ ಹೆಕ್ಟೇರಿನ ಆಸುಪಾಸು. ಗೇರಿನ ಚಿಗುರು ಮತ್ತು ಹೂವಿನ ರಸ ಹೀರುವ ಟೀ ಸೊಳ್ಳೆಯ ಕಾಟಕ್ಕೆ ಕಾರ್ಪೊರೇಶನ್ ಆರಿಸಿದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಅಷ್ಟು ದೊಡ್ಡ ತೋಟಕ್ಕೆ ಆಳು ಹಚ್ಚಿ ಹೊಡೆಯುವ ಬದಲು ಹೆಲಿಕಾಪ್ಟರಿನಿಂದ ಮದ್ದು ಬಿಡುವ ಪದ್ಧತಿ ಶುರುವಾಯಿತು. ವರ್ಷಕ್ಕೆ ಎರಡು ಮೂರು ಬಾರಿ, ಚಿಗುರು, ಹೂ, ಎಳೆಕಾಯಿಯ ಹದ ನೋಡಿ. 2000ದ ಕೊನೆಯವರೆಗೂ ಅದು ನಡೆಯಿತು.

ಇಷ್ಟು ಹೊತ್ತಿಗೆ 1958ರ ಸಾವುಗಳಿಂದ ಹುಟ್ಟಿದ ಕಾನೂನು ಜಾರಿಯಲ್ಲಿತ್ತು ಎಂಬುದನ್ನು ನೆನಪಿನಲ್ಲಿಡಬೇಕು. ಕೀಟನಾಶಕದ ಡಬ್ಬದ ಮೇಲೆ ಏನಿರಬೇಕೆಂದು 1971ರ ನಿಯಮಗಳು ಬಲು ವಿವರವಾಗಿ ಹೇಳಿದ್ದವು. ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ; ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕಡು ವಿಷಕ್ಕೆ ಕೆಂಪು, ಅದರ ಮೇಲೆ ತಲೆಬುರುಡೆ. ಅದಕ್ಕಿಂತ ಕೆಳಗಿನದಕ್ಕೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಅಕ್ಷರ ಬಾರದವರಿಗೂ ಅಪಾಯ ತಿಳಿಯಲಿ ಎಂಬ ಕಾಳಜಿ ಇದರಲ್ಲಿತ್ತು. ಎಚ್ಚರಿಕೆಯ ಮಾತು ಹಿಂದಿ, ಇಂಗ್ಲಿಷಿನ ಜೊತೆಗೆ ಡಬ್ಬ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲೂ ಇರಬೇಕೆಂದು ನಿಯಮ ಕಟ್ಟುಮಾಡಿತ್ತು. ವಿಮಾನ, ಹೆಲಿಕಾಪ್ಟರುಗಳಿಂದ ಸಿಂಪಡಿಸುವುದಕ್ಕೆ ಪ್ರತ್ಯೇಕ ನಿಯಮವೇ ಇತ್ತು: ಕನಿಷ್ಠ 24 ಗಂಟೆ ಮೊದಲು ಊರಿಗೆಲ್ಲ ತಿಳಿಸಬೇಕು, ಸಂಬಂಧಪಡದ ಜನರೂ ಜಾನುವಾರುಗಳೂ ಗೊತ್ತಾದ ಅವಧಿಯವರೆಗೆ ಆ ಜಾಗಕ್ಕೆ ಹೋಗದಂತೆ ತಡೆಯಬೇಕು.

ಕಾಗದದ ಮೇಲೆ ಇದು ಅಚ್ಚುಕಟ್ಟು. ಪಡ್ರೆಯ ಕಣಿವೆಯಲ್ಲಿ ನಿಂತು ಓದಿದರೆ ಬೇರೆಯೇ ಕಾಣುತ್ತದೆ. ಮೊದಲೇ ತಿಳಿಸಿದರೆ ಬಾವಿಯ ಬಾಯಿಗೆ ತಟ್ಟಿ ಮುಚ್ಚಬಹುದು. ಹರಿಯುವ ತೋಡನ್ನು, ಸುರಂಗದ ಬಾಯನ್ನು, ಕೆರೆಯನ್ನು, ಗುಡ್ಡವನ್ನೇ ಯಾರು ಮುಚ್ಚಿಯಾರು? ಇನ್ನು ಡಬ್ಬದ ಚೀಟಿ. ಎಂಡೋಸಲ್ಫಾನ್ ಡಬ್ಬವನ್ನು ಕಣ್ಣಾರೆ ಕಂಡವರು ಅದನ್ನು ಕಲಸಿ ಹೆಲಿಕಾಪ್ಟರಿಗೆ ತುಂಬುತ್ತಿದ್ದ ನೌಕರರು ಮಾತ್ರ. ಕೆಳಗಿನ ಮನೆಗಳಿಗೆ ಸಿಕ್ಕಿದ್ದು ಡಬ್ಬದೊಳಗಿನ ವಸ್ತು. ಚೀಟಿ ಅಲ್ಲಿಗೆ ಬರಲೇ ಇಲ್ಲ.

ಆ ಡಬ್ಬದ ಬಣ್ಣ ಹಳದಿ. ಈ ಬಣ್ಣಗಳನ್ನು ಹಂಚಿದ ಅಳತೆ ಯಾವುದೆಂದು ನೋಡಿದರೆ ವಿಷಯದ ತಿರುಳು ಸಿಗುತ್ತದೆ. ಪ್ರಯೋಗಾಲಯದ ಇಲಿಗಳಿಗೆ ಒಂದೇ ಸಲ ಉಣಿಸಿದಾಗ ಅವುಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ಬೇಕು ಎಂಬುದೇ ಅಳತೆ. ದೇಹತೂಕದ ಕಿಲೋಗೆ 50 ಮಿಲಿಗ್ರಾಂ ಒಳಗಾದರೆ ಕೆಂಪು. 51ರಿಂದ 500ರವರೆಗೆ ಹಳದಿ. ಕುಡಿದ ಕೂಡಲೇ ಕೊಲ್ಲುವುದೋ ಎಂಬ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ಇಪ್ಪತ್ತು ವರ್ಷ ಸ್ವಲ್ಪ ಸ್ವಲ್ಪವೇ ಮೈ ಸೇರಿದರೆ ಏನಾದೀತು, ಬಸುರಿಯ ಮೈಗೆ ಸೇರಿದರೆ ಏನಾದೀತು, ಬೆಳೆಯುವ ಹುಡುಗನಿಗೆ ಏನಾದೀತು ಎಂಬ ಪ್ರಶ್ನೆಯನ್ನು ಆ ಅಳತೆ ಕೇಳಿಯೇ ಇರಲಿಲ್ಲ. ಕೇಳದ ಪ್ರಶ್ನೆಗೆ ಚೀಟಿಯಲ್ಲಿ ಉತ್ತರ ಇರುವುದಿಲ್ಲ. ಆಹಾರದ ಪೊಟ್ಟಣದ ಮಟ್ಟಿಗೂ ಇದು ನಿಜ.

ಪಡ್ರೆಯಲ್ಲಿ ಆ ಪ್ರಶ್ನೆ ಕೇಳಿದವರು ಊರವರೇ. 1979ರ ಹೊತ್ತಿಗೆ ಒಬ್ಬ ಕೃಷಿಕರ ಹಟ್ಟಿಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದನ್ನು ಅಲ್ಲಿನವರೇ ಆದ ಪತ್ರಕರ್ತ ಶ್ರೀ ಪಡ್ರೆ ಗಮನಿಸಿದರು, 1980ರ ದಶಕದ ಆರಂಭದಲ್ಲೇ ಪತ್ರಿಕೆಗಳಲ್ಲಿ ಬರೆದರು. ಮುಂದೆ ‘ಅಡಿಕೆ ಪತ್ರಿಕೆ’ಯ ಸಂಪಾದಕರಾಗಿ, ಮಳೆನೀರು ಮತ್ತು ಹಲಸಿನ ಬಗೆಗಿನ ಬರಹಗಳಿಂದ ನಾಡಿಗೆಲ್ಲ ಪರಿಚಿತರಾದವರು ಇವರೇ. ವಾಣೀನಗರದಲ್ಲಿ ದವಾಖಾನೆ ಇಟ್ಟಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ತಮ್ಮ ರೋಗಿಗಳ ಪಟ್ಟಿಯಲ್ಲೇ ಏನೋ ತಪ್ಪಿದೆ ಎನಿಸತೊಡಗಿತು. ಅಷ್ಟು ಸಣ್ಣ ಊರಿನಲ್ಲಿ ಅಷ್ಟೊಂದು ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟು ಊನ, ಕ್ಯಾನ್ಸರ್. ಅವರು ಮನೆಮನೆಯ ವಿವರ ಕೂಡಿಹಾಕಿದರು, ವೈದ್ಯ ವಲಯಕ್ಕೆ ಬರೆದರು. ತೆಂಕಣ ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಅದೇ ಜಿಲ್ಲೆಯ ಹೊಸದುರ್ಗದ ಕೋರ್ಟು ಹತ್ತಿ ಸಿಂಪಡಣೆಗೆ ತಡೆ ತಂದರು. ಒಬ್ಬ ವರದಿಗಾರ, ಒಬ್ಬ ಹಳ್ಳಿಯ ಡಾಕ್ಟರು, ಒಬ್ಬ ಸರ್ಕಾರಿ ನೌಕರಳು. ಮೂವರಲ್ಲಿ ಯಾರ ಕೈಯಲ್ಲೂ ಪ್ರಯೋಗಾಲಯವಿರಲಿಲ್ಲ.

ಪ್ರಯೋಗಾಲಯ ಬಂದದ್ದು 2001ರಲ್ಲಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯಿಂದ ನೀರು, ಮಣ್ಣು, ತರಕಾರಿ, ಹಸುವಿನ ಹಾಲು, ಜನರ ರಕ್ತ, ತಾಯಂದಿರ ಎದೆಹಾಲನ್ನು ಒಯ್ದು ಪರೀಕ್ಷಿಸಿ, ಎಂಡೋಸಲ್ಫಾನ್ ಉಳಿಕೆ ಇದೆಯೆಂದು ಪ್ರಕಟಿಸಿತು. ಕಾರ್ಪೊರೇಶನ್ ಬೇರೊಂದು ಪ್ರಯೋಗಾಲಯದಿಂದ ಮಾಡಿಸಿದ ಪರೀಕ್ಷೆ ಅದನ್ನು ಅಲ್ಲಗಳೆಯಿತು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಬಂದರು. ಗೇರು ಗುಡ್ಡದ ಬುಡದ ಹಳ್ಳಿಯ 117 ಮಂದಿ ಶಾಲಾ ಬಾಲಕರನ್ನೂ ಸಿಂಪಡಣೆ ಇಲ್ಲದ ಕಡೆಯ 90 ಬಾಲಕರನ್ನೂ ಹೋಲಿಸಿ ನೋಡಿದರು. ಸಿಂಪಡಣೆ ನಿಂತು ತಿಂಗಳುಗಳು ಕಳೆದಿದ್ದರೂ ಇಲ್ಲಿನ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಗಣನೀಯವಾಗಿ ಹೆಚ್ಚಿತ್ತು, ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿರುವಂತೆ ಕಂಡಿತು. 2003ರಲ್ಲಿ ಆ ಅಧ್ಯಯನ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಕೇಂದ್ರದ ಕೃಷಿ ಸಮಿತಿಗಳು ಮಾತ್ರ ನಂಟು ಸಾಬೀತಾಗಿಲ್ಲ ಎನ್ನುತ್ತಲೇ ಇದ್ದವು. ಕೊನೆಗೆ 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ಜಗತ್ತಿನಿಂದ ತೆಗೆದುಹಾಕಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ಭಾರತದಲ್ಲಿ ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. ಗಡಿಯ ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ ಸುತ್ತಲಿನ ಸಂತ್ರಸ್ತರ ಕೂಗಿಗೆ ಓಗೊಟ್ಟು ಕರ್ನಾಟಕವೂ ಅದೇ ವರ್ಷ ನಿಷೇಧಿಸಿತ್ತು.

ಈಗ ಗೇರುಬೀಜದ ಪೊಟ್ಟಣವನ್ನು ಕೈಗೆತ್ತಿಕೊಳ್ಳೋಣ. 100 ಗ್ರಾಂಗೆ ಶಕ್ತಿ ಸುಮಾರು 580 ಕಿಲೋಕ್ಯಾಲರಿ, ಪ್ರೋಟೀನ್ 19 ಗ್ರಾಂ ಆಸುಪಾಸು, ಕೊಬ್ಬು 45 ಗ್ರಾಂ ಆಸುಪಾಸು. ಸಿಹಿಮೂತ್ರದವರಿಗೆ, ತೂಕ ಇಳಿಸಬೇಕಾದವರಿಗೆ ಇದು ಬೇಕಾದ ಮಾಹಿತಿ. ಬೀಜ ಬೆಳೆದ ಗುಡ್ಡ ಯಾವುದು, ಅದಕ್ಕೆ ಯಾವ ಮದ್ದು ಬಿದ್ದಿತ್ತು ಎಂಬ ಸಾಲು ಅಲ್ಲಿಲ್ಲ. ಅದನ್ನು ಬರೆಯಬೇಕೆಂಬ ಕಾನೂನೂ ಇಲ್ಲ. ಆಹಾರದಲ್ಲಿ ಕೀಟನಾಶಕ ಎಷ್ಟು ಉಳಿಯಬಹುದೆಂದು ಸರ್ಕಾರ ಬೆಳೆಬೆಳೆಗೂ ಮಿತಿ ಹಾಕಿದೆ. ಪ್ರತ್ಯೇಕ ಮಿತಿ ಇಲ್ಲದ ಕಡೆ ಕಿಲೋಗೆ 0.01 ಮಿಲಿಗ್ರಾಂ ಎಂಬ ಸಾಮಾನ್ಯ ಮಿತಿ ಇದೆ. ಮಿತಿಯೊಳಗಿದೆಯೋ ಇಲ್ಲವೋ ಎಂದು ನೋಡುವುದು ಇಲಾಖೆಯ ಕೆಲಸ, ಕೊಳ್ಳುವವರಿಗೆ ತೋರಿಸುವ ಕೆಲಸ ಯಾರದೂ ಅಲ್ಲ.

ತೋರಿಸಿದ್ದರೂ ಪಡ್ರೆಯ ಕಥೆ ಹೊರಬರುತ್ತಿತ್ತೇ? ಬಾರದೆಯೂ ಹೋಗಬಹುದಿತ್ತು. ಮದ್ದು ಬೀಳುತ್ತಿದ್ದುದು ಚಿಗುರು, ಹೂ, ಎಳೆಕಾಯಿಯ ಮೇಲೆ; ನಾವು ತಿನ್ನುವ ತಿರುಳು ಬಲಿಯುವುದು ದಪ್ಪ ಸಿಪ್ಪೆಯೊಳಗೆ. ತಿರುಳನ್ನಷ್ಟೇ ಪರೀಕ್ಷಿಸಿದರೆ ಮಿತಿ ಮೀರದ ಅಂಕಿ ಸಿಕ್ಕೀತು, ಪೊಟ್ಟಣ ಶುದ್ಧವೆನಿಸಿಕೊಂಡೀತು. ಅತ್ತ ಗುಡ್ಡದ ಬುಡದಲ್ಲಿ ಹರಿವೆ ಸೊಪ್ಪು, ತೆಂಗಿನಕಾಯಿ, ಮನೆಯ ಹಸುವಿನ ಹಾಲು, ಸುರಂಗದ ನೀರು ಇವನ್ನೇ ನಂಬಿದ ಮನೆಯವರು ಪೊಟ್ಟಣದ ಆಹಾರ ತಿಂದು ಕೆಟ್ಟವರಲ್ಲ. ಹಿತ್ತಿಲದ್ದನ್ನು ಉಂಡು ನೊಂದವರು. ‘ಮನೆಯಲ್ಲಿ ಬೆಳೆದದ್ದು, ಭಯವಿಲ್ಲ’ ಎಂದು ನಾವು ಧೈರ್ಯವಾಗಿ ಹೇಳುವ ಊಟವೇ ಅದು. ಪೋಷಕಾಂಶದ ಪಟ್ಟಿಯ ದೊಡ್ಡ ಮಿತಿ ಇಲ್ಲಿದೆ: ಅದು ತಿನ್ನುವವನ ಹೊಟ್ಟೆಯ ಲೆಕ್ಕ ಮಾತ್ರ ಇಡುತ್ತದೆ, ಬೆಳೆದ ನೆಲದ ಲೆಕ್ಕ ಇಡುವುದಿಲ್ಲ.

ಹಾಗೆಂದು ಆ ಪಟ್ಟಿಯನ್ನು ಹಗುರಾಗಿ ಕಾಣುವಂತಿಲ್ಲ. ಅದರ ಒಂದೊಂದು ಸಾಲಿಗೂ ದಶಕಗಳ ಜಗ್ಗಾಟವಿದೆ. ನಮ್ಮ ಆಹಾರದಲ್ಲಿ ಏನೇನಿದೆಯೆಂದು ಅಳೆದು ಮೊದಲ ಕೈಪಿಡಿ ತಂದದ್ದು 1937ರಲ್ಲಿ, ಕೂನೂರಿನ ಪೋಷಣಾ ಪ್ರಯೋಗಾಲಯದ ಡಬ್ಲ್ಯು.ಆರ್. ಐಕ್ರಾಯ್ಡ್. ಆ ಸಂಸ್ಥೆಯೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. 1954ರಲ್ಲಿ ಬಂದ ಆಹಾರ ಕಲಬೆರಕೆ ತಡೆ ಕಾಯಿದೆಗೆ ಪೋಷಣೆಯ ಚಿಂತೆ ಇರಲಿಲ್ಲ. ಹಾಲಿಗೆ ನೀರು, ತುಪ್ಪಕ್ಕೆ ಡಾಲ್ಡಾ, ಮೆಣಸಿಗೆ ಪಪ್ಪಾಯ ಬೀಜ: ಅದರ ಚಿಂತೆ ಇಷ್ಟೇ.

ಡಾಲ್ಡಾದ ಕಥೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಡಾಲ್ಡಾದಂಥ ವನಸ್ಪತಿಯನ್ನು ತುಪ್ಪಕ್ಕೆ ಬೆರೆಸಿ ಮಾರುವವರನ್ನು ಹಿಡಿಯುವುದು ಹೇಗೆ? ವನಸ್ಪತಿ ತಯಾರಿಸುವಾಗಲೇ ಅದಕ್ಕೆ ನೂರಕ್ಕೆ 5ರಷ್ಟು ಎಳ್ಳೆಣ್ಣೆ ಸೇರಿಸಬೇಕೆಂದು ನಿಯಮ ಮಾಡಿದರು. ಅನುಮಾನದ ತುಪ್ಪಕ್ಕೆ ಆಮ್ಲ ಮತ್ತು ಒಂದು ದ್ರಾವಣ ಹಾಕಿ ಕುಲುಕಿದರೆ ಎಳ್ಳೆಣ್ಣೆ ಇದ್ದಲ್ಲಿ ಕೆಂಪು ಬಣ್ಣ ಏಳುತ್ತದೆ, ಕಳ್ಳತನ ಬಯಲಾಗುತ್ತದೆ. ಜಾಣ ಉಪಾಯ. ತುಪ್ಪ ಕೊಳ್ಳುವವರ ಹಣ ಕಾಯಲು ಇಷ್ಟು ತಲೆ ಓಡಿಸಿದ ಕಾನೂನು, ವನಸ್ಪತಿಯನ್ನೇ ತಿನ್ನುವವರ ಹೃದಯದ ಬಗ್ಗೆ ದಶಕಗಟ್ಟಲೆ ಸುಮ್ಮನಿತ್ತು. ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಡಬ್ಬದ ಮೇಲೆ ಕಾಣಿಸಿಕೊಳ್ಳಲು 21ನೇ ಶತಮಾನವೇ ಬರಬೇಕಾಯಿತು. 2008ರಲ್ಲಿ ಹೊರಡಿಸಿದ ತಿದ್ದುಪಡಿಯಿಂದ 2009ರಲ್ಲಿ ಪೋಷಕಾಂಶದ ಪಟ್ಟಿ ದೇಶದಲ್ಲಿ ಕಡ್ಡಾಯವಾಯಿತು. ಅಂಕಿ ಕಾಣಿಸಿಕೊಂಡ ಮೇಲೆ ವಾದ ಶುರುವಾಯಿತು, ಟ್ರಾನ್ಸ್ ಕೊಬ್ಬಿನ ಮಿತಿ ಶೇ. 10, 5, 3 ಎಂದು ಇಳಿಯುತ್ತ 2022ರ ಜನವರಿಯಲ್ಲಿ ಶೇ. 2ಕ್ಕೆ ಬಂತು. ಪಟ್ಟಿಯ ನಿಜವಾದ ಬಲ ಇದು. ಅದನ್ನು ಓದುವ ಗಿರಾಕಿಗಳು ಬೆರಳೆಣಿಕೆಯಷ್ಟಿದ್ದರೂ, ಬರೆಯಲೇಬೇಕಾದಾಗ ತಯಾರಕರ ಕೈ ಕಟ್ಟುತ್ತದೆ, ವೈದ್ಯರಿಗೆ, ಬಳಕೆದಾರ ಸಂಘಗಳಿಗೆ, ಕೋರ್ಟಿಗೆ ಹೋಗುವವರಿಗೆ ಹಿಡಿಯಲು ಒಂದು ಅಂಕಿ ಸಿಗುತ್ತದೆ.

2020ರ ನಿಯಮಾವಳಿ ಇನ್ನಷ್ಟು ಬಿಗಿ ಮಾಡಿತು. ಒಟ್ಟು ಸಕ್ಕರೆಯ ಜೊತೆಗೆ ಮೇಲಿಂದ ಸೇರಿಸಿದ ಸಕ್ಕರೆ ಎಷ್ಟೆಂದು ಬೇರೆಯಾಗಿ ಹೇಳಬೇಕು. ಒಬ್ಬ ವಯಸ್ಕನ ದಿನದ ಲೆಕ್ಕವಾಗಿ 2000 ಕಿಲೋಕ್ಯಾಲರಿ, 67 ಗ್ರಾಂ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ, 2000 ಮಿಲಿಗ್ರಾಂ ಸೋಡಿಯಂ ಇಟ್ಟುಕೊಂಡು, ಒಂದು ಸಲಕ್ಕೆ ತಿನ್ನುವ ಪಾಲು ಅದರಲ್ಲಿ ಶೇಕಡಾ ಎಷ್ಟೆಂದು ತೋರಿಸಬೇಕು. ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ. 800 ಮಿಲಿಗ್ರಾಂ ಎಂದಿದ್ದರೆ 2 ಗ್ರಾಂ ಉಪ್ಪು. ಬಿಸ್ಕತ್ತಿನಲ್ಲಿ 100 ಗ್ರಾಂಗೆ 25 ಗ್ರಾಂ ಸಕ್ಕರೆ ಎಂದು ಅಚ್ಚಾಗಿದ್ದು, ಶಾಲೆಯಿಂದ ಬಂದ ಮಗು 40 ಗ್ರಾಂ ಪೊಟ್ಟಣ ಖಾಲಿ ಮಾಡಿದರೆ ಒಳಗೆ ಹೋದದ್ದು 10 ಗ್ರಾಂ. ಅಂಕಿಗಳಿಗಿಂತಲೂ ಉಪಯೋಗದ್ದು ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ಕಾನೂನು. ‘ರಾಗಿ ಬಿಸ್ಕತ್ತು’ ಎಂದು ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಬರೆದು, ಹಿಂಬದಿಯಲ್ಲಿ ಮೈದಾ, ಸಕ್ಕರೆ, ತಾಳೆಣ್ಣೆಗಳ ನಂತರ ರಾಗಿಯ ಹೆಸರು ಬಂದಿದ್ದರೆ ಅದು ರಾಗಿ ಚಿಮುಕಿಸಿದ ಮೈದಾ ಬಿಸ್ಕತ್ತು.

ಸಂದುಗಳೂ ಇವೆ. ‘ಒಂದು ಸಲದ ಪಾಲು’ ಎಷ್ಟೆಂದು ತೀರ್ಮಾನಿಸುವವರು ತಯಾರಕರೇ. ಎರಡು ಬಿಸ್ಕತ್ತಿಗೇ ಪಾಲು ಮುಗಿಸಿಬಿಟ್ಟರೆ ಶೇಕಡಾ ಅಂಕಿ ಮುದ್ದಾಗಿ ಕಾಣುತ್ತದೆ. ವಯಸ್ಕರ ಲೆಕ್ಕವನ್ನೇ ಆರು ವರ್ಷದ ಮಗುವಿಗೂ ಓದಬೇಕು. 100 ಗ್ರಾಂನಲ್ಲಿ 0.2 ಗ್ರಾಂ ಮೀರದಿದ್ದರೆ ‘ಟ್ರಾನ್ಸ್ ಕೊಬ್ಬು ಮುಕ್ತ’ ಎಂದು ಸಾರಿಕೊಳ್ಳಬಹುದು. 100 ಚದರ ಸೆಂಟಿಮೀಟರಿಗಿಂತ ಚಿಕ್ಕ ಪೊಟ್ಟಣಕ್ಕೆ ಪಟ್ಟಿಯೇ ಬೇಕಿಲ್ಲ, ಅವನ್ನು ತುಂಬಿದ ದೊಡ್ಡ ಪೆಟ್ಟಿಗೆಯ ಮೇಲಿದ್ದರೆ ಸಾಕು. ಅಂಗಡಿಯ ಬಾಗಿಲಲ್ಲಿ ಮಾಲೆಯಂತೆ ತೂಗುವ ಒಂದೆರಡು ರೂಪಾಯಿಯ ಸಿಹಿ ಪೊಟ್ಟಣಗಳ ಗಿರಾಕಿಗಳು ಯಾರೆಂದು ಹೇಳಬೇಕಿಲ್ಲ.

ಇನ್ನು ಭಾಷೆ. ಆಹಾರದ ಚೀಟಿ ಇಂಗ್ಲಿಷಿನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇದ್ದರೆ ಕಾನೂನಿಗೆ ಸಾಕು. ಬೇರೆ ಭಾಷೆ ಇರುವುದಕ್ಕೆ ಅಡ್ಡಿಯಿಲ್ಲ, ಇರಲೇಬೇಕೆಂದಿಲ್ಲ. ಪೆರ್ಲದ ಅಂಗಡಿಗೆ ಬರುವ ಅಜ್ಜಿಗೆ ಕನ್ನಡ ಪತ್ರಿಕೆ ಸರಾಗವಾಗಿ ಓದಲು ಬರುತ್ತದೆ. ಬಿ.ಪಿ. ಇದೆ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಉಪ್ಪಿನಕಾಯಿ ಬಾಟಲಿಯ ಮೇಲಿನ ಇಂಗ್ಲಿಷ್ ‘ಸೋಡಿಯಂ’ ಅವರಿಗೆ ಎಟಕುವುದಿಲ್ಲ. ಅಪರೂಪಕ್ಕೆ ಪಕ್ಕದಲ್ಲಿ ಮಲಯಾಳವಿದ್ದರೂ ಲಿಪಿ ಬಾರದು. ಭಾಷಾ ಅಲ್ಪಸಂಖ್ಯಾತರ ನೆಲದಲ್ಲಿ ಈ ತೊಡಕು ದುಪ್ಪಟ್ಟು. ಇಲಿ ಪಾಷಾಣದ ಡಬ್ಬಕ್ಕೆ ಊರ ಭಾಷೆ ಕಡ್ಡಾಯ, ಮಗುವಿನ ತಿಂಡಿಗೆ ಐಚ್ಛಿಕ. ಐವತ್ತು ವರ್ಷಗಳ ಹಿಂದೆ ಕೀಟನಾಶಕದವರು ಒಪ್ಪಿಕೊಂಡದ್ದನ್ನು ಆಹಾರದವರು ಇಂದಿಗೂ ಒಪ್ಪಿಕೊಂಡಿಲ್ಲ ಎಂಬುದು ಸಮರ್ಥಿಸಲಾಗದ ಮಾತು.

ಸಣ್ಣ ತಯಾರಕರ ಪಾಡು ಬೇರೆ. ಎಣ್ಮಕಜೆ ಸೀಮೆಯ ಮನೆಗಳಲ್ಲಿ ಮೇ ತಿಂಗಳೆಂದರೆ ಹಲಸಿನ ಹಪ್ಪಳದ ಕಾಲ. ಬಲಿತ ಕಾಯಿಯ ಸೊಳೆ ಬಿಡಿಸಿ, ಬೇಯಿಸಿ, ಉಪ್ಪು-ಮೆಣಸು-ಕೊತ್ತಂಬರಿ ಹಾಕಿ ಕಡೆದು, ಉಂಡೆ ಮಾಡಿ, ಹಾಳೆಗೆ ಎಣ್ಣೆ ಸವರಿ ಒತ್ತಿ, ಚಾಪೆಯ ಮೇಲೆ ಬಿಸಿಲಿಗೆ ಹರಡಬೇಕು. ಇದನ್ನೇ ನೂರರ ಕಟ್ಟುಗಳಾಗಿ ಮಾರಹೊರಟ ಮಹಿಳೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿ 14 ಅಂಕಿಯ ಸಂಖ್ಯೆ ಹಾಕಿಸಬೇಕು. ಪೋಷಕಾಂಶದ ಪಟ್ಟಿ ಬೇಕೆಂದರೆ ಪ್ರಯೋಗಾಲಯದ ಶುಲ್ಕ ಒಂದು ವಾರದ ಲಾಭ ನುಂಗುತ್ತದೆ. ಹೈದರಾಬಾದಿನ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳಿಂದ ಲೆಕ್ಕ ಕಟ್ಟಿ ಹಾಕುವುದುಂಟು. ಆಕೆಯ ಗಿರಾಕಿಗಳಿಗೆ ಹಲಸು ಯಾರ ಹಿತ್ತಿಲದ್ದು, ನೀರು ಯಾವ ಸುರಂಗದ್ದು ಎಂಬುದು ಬಾಯಿಮಾತಿನಲ್ಲೇ ಗೊತ್ತು. ದೊಡ್ಡ ಕಂಪನಿಯ ಪೊಟ್ಟಣದಲ್ಲಿ ಅಂಕಿಗಳಿವೆ, ಈ ತಿಳುವಳಿಕೆ ಇಲ್ಲ.

ಕೀಟನಾಶಕದ ಸಾಲನ್ನು ಆಹಾರದ ಚೀಟಿಗೆ ತರಬೇಕೆಂಬ ಪ್ರಯತ್ನ ಒಮ್ಮೆ ನಡೆದಿತ್ತು. ಪಡ್ರೆಯ ನೀರು ಪರೀಕ್ಷಿಸಿದ ದೆಹಲಿಯ ಅದೇ ಕೇಂದ್ರ 2003ರಲ್ಲಿ ಮೊದಲು ಬಾಟಲಿ ನೀರನ್ನೂ ಆಮೇಲೆ ತಂಪು ಪಾನೀಯಗಳನ್ನೂ ಪರೀಕ್ಷಿಸಿ ಕೀಟನಾಶಕದ ಉಳಿಕೆ ಇದೆಯೆಂದಿತು. ಶರದ್ ಪವಾರ್ ಅಧ್ಯಕ್ಷತೆಯ ಜಂಟಿ ಸಂಸದೀಯ ಸಮಿತಿ 2004ರ ಫೆಬ್ರುವರಿಯಲ್ಲಿ ಆ ಶೋಧ ಸರಿಯೆಂದು ಒಪ್ಪಿತು. ಬಾಟಲಿ ನೀರಿಗೆ ಕಟ್ಟುನಿಟ್ಟಿನ ಮಿತಿ ಬಂತು. ಅದೇ ವರ್ಷ ರಾಜಸ್ಥಾನ ಹೈಕೋರ್ಟು, ಪಾನೀಯದಲ್ಲಿ ಏನೇನಿದೆ, ಕೀಟನಾಶಕ ಎಷ್ಟಿದೆ ಎಂದು ಬಾಟಲಿಯ ಮೇಲೇ ಬರೆಯಿರಿ ಎಂದು ಕಂಪನಿಗಳಿಗೆ ಆದೇಶಿಸಿತು. ಇಪ್ಪತ್ತು ವರ್ಷ ದಾಟಿದರೂ ಅಂಗಡಿಯಲ್ಲಿ ಸಿಗುವ ಬಾಟಲಿಯ ಮೇಲೆ ಅಂಥ ಸಾಲು ಕಾಣುವುದಿಲ್ಲ.

ಸದ್ಯದ ಜಗ್ಗಾಟ ಪೊಟ್ಟಣದ ಮುಂಭಾಗದ್ದು. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲರಿ ಮಿತಿಮೀರಿದ ತಿನಿಸುಗಳ ಎದುರಿಗೇ ಕಪ್ಪು ಎಂಟುಮೂಲೆಯ ಎಚ್ಚರಿಕೆ ಗುರುತು ಹಾಕಿಸಿತು. ನಮ್ಮ ಪ್ರಾಧಿಕಾರ 2022ರ ಕರಡಿನಲ್ಲಿ ಅದರ ಬದಲು ನಕ್ಷತ್ರಗಳ ಶ್ರೇಣಿ ಸೂಚಿಸಿತು. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಈ ಬಗ್ಗೆ ಬೇಗ ತೀರ್ಮಾನಕ್ಕೆ ಬನ್ನಿ ಎಂದು ಗಡುವು ಹಾಕಿತು. ನಕ್ಷತ್ರ ಎಂದರೆ ಬಹುಮಾನ; ಒಂದೂವರೆ ನಕ್ಷತ್ರ ಸಿಕ್ಕ ಕುರುಕಲು ತಿಂಡಿಯೂ ಏನೋ ಗಳಿಸಿದಂತೆ ಕಾಣುತ್ತದೆ. ಅಜ್ಜಿಗೂ ಮಗುವಿಗೂ ಭಾಷೆಯ ಹಂಗಿಲ್ಲದೆ ತಲುಪಬೇಕಾದರೆ ಎಚ್ಚರಿಕೆಯ ಗುರುತೇ ಬೇಕು. 1971ರಲ್ಲಿ ವಿಷದ ಡಬ್ಬಕ್ಕೆ ಬಣ್ಣದ ಚೌಕ ಹಾಕಿಸಿದವರಿಗೆ ಇಷ್ಟು ತಿಳಿದಿತ್ತು.

ಆ ಗುರುತು ಬಂದರೂ ಗುಡ್ಡದ ಬುಡದವರ ಕಥೆ ಅದರಲ್ಲಿ ಇರುವುದಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತ್ತು. 2022ರ ಮೇ ತಿಂಗಳಲ್ಲಿ ಕೋರ್ಟು ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಉಳಿದ ಎಂಡೋಸಲ್ಫಾನನ್ನು 2012ರಲ್ಲಿ ಸೋರುವ ಡ್ರಮ್ಮುಗಳಿಂದ ಹೊಸ ಡ್ರಮ್ಮುಗಳಿಗೆ ತುಂಬಿಟ್ಟರು. ಮಿಂಚಿನಪದವು ಎಂಬಲ್ಲಿನ ಪಾಳು ಬಾವಿಯಲ್ಲಿ ಎಂಡೋಸಲ್ಫಾನ್ ಹೂತಿದ್ದಾರೆಂಬ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು.

ಬೆಳೆದ ನೆಲದ ಲೆಕ್ಕ ಇಡುವುದು ಆಗದ ಕೆಲಸವೇ ಎಂದು ಕೇಳುವವರು ವಿಜಯಪುರದ ದ್ರಾಕ್ಷಿಯನ್ನು ನೋಡಬಹುದು. 2003ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ ಹೆಚ್ಚಿದೆಯೆಂದು ಯೂರೋಪು ತಕರಾರು ತೆಗೆಯಿತು. ರಫ್ತು ಉತ್ತೇಜನ ಸಂಸ್ಥೆ ಅಪೆಡಾ 2006ರ ಹೊತ್ತಿಗೆ ‘ಗ್ರೇಪ್‌ನೆಟ್’ ಕಟ್ಟಿತು. ರಫ್ತಾಗುವ ದ್ರಾಕ್ಷಿಯ ಪ್ರತಿ ತೋಟಕ್ಕೂ ನೋಂದಣಿ ಸಂಖ್ಯೆ, ಯಾವ ದಿನ ಯಾವ ಮದ್ದು ಹೊಡೆದರೆಂಬ ದಾಖಲೆ, ಕೊಯ್ಲಿಗೆ ಮೊದಲು ಪ್ರಯೋಗಾಲಯದ ಪರೀಕ್ಷೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯಿಂದ ತೋಟದವರೆಗೂ ಜಾಡು ಹಿಡಿಯಬಹುದು. ಇವೆಲ್ಲ ಹಡಗು ಹತ್ತುವ ಪೆಟ್ಟಿಗೆಗೆ. ಅದೇ ವಿಜಯಪುರದಿಂದ ಬೆಂಗಳೂರು, ಮಂಗಳೂರು, ಪೆರ್ಲದ ಪೇಟೆಗೆ ಬರುವ ದ್ರಾಕ್ಷಿಗೆ ಅಂಥ ಸಂಖ್ಯೆ ಬೇಕೆಂದು ಯಾವ ನಿಯಮವೂ ಕೇಳುವುದಿಲ್ಲ.